ಓದುಗರ ಸ್ಪಂದನ: ‘ಕುಡಿಯುವಾಗ ಇಷ್ಟು ಭಾರ ಇರಲಿಲ್ಲ’

ಹಿಂದಿನ ಸಂಚಿಕೆಯಲ್ಲಿ ಆಲೂರು ತಾಲ್ಲೂಕಿನ ಓದುಗರೊಬ್ಬರು ಹೀಗೆ ಬರೆದಿದ್ದರು:

‘ನನಗೆ 36 ವರ್ಷ. ಸ್ವಂತ ಪಿಕಪ್ ಇದೆ. ಶುಂಠಿ, ಆಲೂಗಡ್ಡೆ ಬಾಡಿಗೆ ಹೊಡೆಯುತ್ತೇನೆ. 14 ವರ್ಷ ಕುಡಿದೆ. ಕೊನೆಯ ಮೂರು ವರ್ಷ ಬೆಳಗ್ಗೆ ಹಲ್ಲುಜ್ಜುವ ಮೊದಲೇ ಬೇಕಾಗುತ್ತಿತ್ತು. ಆಸ್ಪತ್ರೆಯಲ್ಲಿ 12 ದಿನ ಇದ್ದು ಬಂದೆ. ಇವತ್ತಿಗೆ 47 ದಿನ, ಒಂದು ಹನಿ ಮುಟ್ಟಿಲ್ಲ. ಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಆದರೆ ಈಗ ದಿಕ್ಕೇ ತೋಚುತ್ತಿಲ್ಲ. ಗಾಡಿ ಕಂತು ಎರಡು ಬಾಕಿ. ಹೆಂಡತಿ ಹೆಸರಲ್ಲಿ ಸಂಘದ ಸಾಲ ಬೇರೆ. ಅಮ್ಮನಿಗೆ ಸಕ್ಕರೆ ಕಾಯಿಲೆ. ಹೆಂಡತಿ ಬೇಕಾದಷ್ಟೇ ಮಾತಾಡುತ್ತಾಳೆ. ಐದನೇ ಕ್ಲಾಸಿನ ಮಗಳು ಹತ್ತಿರ ಬರುವುದಿಲ್ಲ. ರಾತ್ರಿ ಎರಡು ಗಂಟೆಯಾದರೂ ನಿದ್ದೆ ಇಲ್ಲ. ಮುಂದಿನ ತಿಂಗಳು ತಮ್ಮನ ಮದುವೆ, ಬೀಗರೂಟದಲ್ಲಿ ಎಣ್ಣೆ ಹರಿಯುತ್ತದೆ. ಒಮ್ಮೊಮ್ಮೆ ಬದುಕೇ ಸಾಕು ಅನ್ನಿಸುತ್ತದೆ. ಕುಡಿಯುವಾಗ ಇಷ್ಟು ಭಾರ ಇರಲಿಲ್ಲ. ಏನು ಮಾಡಲಿ?’

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

* * *

ತಮ್ಮಾ, ನಿಮ್ಮ ಪತ್ರದ ಕೊನೆಯ ಮಾತನ್ನು ಎರಡು ಸಲ ಓದಿದೆ. ಕುಡಿಯುವಾಗ ಇಷ್ಟು ಭಾರ ಇರಲಿಲ್ಲ ಅಂದಿದ್ದೀರಿ. ಭಾರ ಆಗಲೂ ಇತ್ತು. ಹೊರುತ್ತಿದ್ದವರು ನಿಮ್ಮ ಹೆಂಡತಿ, ನಿಮ್ಮ ಅಮ್ಮ. ಈಗ ಅದು ನಿಮ್ಮ ಹೆಗಲಿಗೆ ಬಂದಿದೆ, ಅದೂ 14 ವರ್ಷದ್ದು ಒಟ್ಟಿಗೆ. ಕೈಕಾಲು ಆಡದ ಹಾಗಾಗುವುದು ಸಹಜ.

ನಾನು ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಕುಡಿತ ಬಿಟ್ಟು ಆರು ವರ್ಷ ದಾಟಿತು. ಆದರೆ ಇದು ಎರಡನೇ ಸಲ ಬಿಟ್ಟಿದ್ದು. ಮೊದಲ ಸಲ ನಾನು ಮಾಡಿದ ತಪ್ಪನ್ನೇ ನೀವೂ ಮಾಡುತ್ತಿದ್ದೀರೇನೋ ಅನ್ನಿಸಿ ಬರೆಯುತ್ತಿದ್ದೇನೆ.

ಆಗ ಕುಡಿತ ಬಿಡಿಸುವ ಶಿಬಿರ ಮುಗಿಸಿ ಮನೆಗೆ ಬಂದವನೇ ಎಲ್ಲವನ್ನೂ ಒಂದೇ ಸಲ ಸರಿ ಮಾಡಲು ಹೊರಟೆ. ಮನೆ ಸೋರುತ್ತಿತ್ತು, ಹೆಂಚು ತೆಗೆಸಿದೆ. ಅಣ್ಣನ ಜೊತೆ ಜಾಗದ ತಕರಾರು ಇತ್ತು, ಅದನ್ನೂ ಮಾತಾಡಲು ಹೋದೆ. ಬೈಕ್ ಮಾರಿ ಅಂಗಡಿ ಸಾಲ ತೀರಿಸಿದೆ. ಮಗನ ಶಾಲೆಗೆ ಹೋಗಿ ಮೇಷ್ಟ್ರ ಹತ್ತಿರ ಕ್ಷಮೆ ಕೇಳಿದೆ. ಊರವರೆಲ್ಲ ಹೊಗಳಿದರು. 68ನೇ ದಿನ. ಹಣ್ಣು ಕೊಯ್ಲು ಜೋರಾಗಿ ನಡೆಯುತ್ತಿತ್ತು, ಅವತ್ತು ಬಟವಾಡೆ. ಲೆಕ್ಕದಲ್ಲಿ ನಾಲ್ಕು ನೂರು ರೂಪಾಯಿ ತಾಳೆ ಆಗಲಿಲ್ಲ. ಸಾಹುಕಾರರು ಬೈಯಲೂ ಇಲ್ಲ. ‘ನಾಳೆ ನೋಡೋಣ ಬಿಡಿ’ ಅಂದರು. ಅಷ್ಟೇ. ನಾನು ಸಂತೆಗೆ ಹೋಗುವ ಜೀಪು ಹತ್ತಿ ನೇರ ಬಾರಿನ ಮುಂದೆ ಇಳಿದೆ. ನಾಲ್ಕು ನೂರಕ್ಕಾಗಿ ಅಲ್ಲ. ಎರಡು ತಿಂಗಳಿಂದ ಉಸಿರು ಬಿಗಿಹಿಡಿದು ಎತ್ತಿಕೊಂಡಿದ್ದೆಲ್ಲ ಆ ಹೊತ್ತಿಗೆ ಕೈ ಜಾರಿತು.

ಎರಡನೇ ಸಲ ಬಿಡಲು ಆಸ್ಪತ್ರೆ ಸೇರಿದಾಗ ಡಾಕ್ಟರ್ ಒಂದು ಮಾತು ಹೇಳಿದರು. ‘ಮೂರು ತಿಂಗಳು ನಿಮಗೆ ಒಂದೇ ಕೆಲಸ. ಇವತ್ತು ರಾತ್ರಿ ಮಲಗುವವರೆಗೆ ಕುಡಿಯದೆ ಇರುವುದು. ಮನೆ ಸೋರಿದರೆ ಪಾತ್ರೆ ಇಡಿ.’ ಆ ವರ್ಷ ಮಳೆಗಾಲದಲ್ಲಿ ನಾವು ನಿಜವಾಗಿಯೂ ಪಾತ್ರೆ ಇಟ್ಟೆವು.

ಸಂಜೆ ಆರು ಗಂಟೆ ನನಗೆ ಕೆಟ್ಟ ಹೊತ್ತು. ನಿಮಗೂ ಇರಬಹುದು. ಮಂಜು ಇಳಿಯುತ್ತದೆ, ಕೆಲಸದವರ ಲೈನ್ ಮನೆಗಳಿಂದ ಹೊಗೆ ಏಳುತ್ತದೆ, ಜೀರುಂಡೆ ಶುರುವಾಗುತ್ತದೆ. ಬಾಯಲ್ಲಿ ನೀರೂರುತ್ತದೆ, ಅಂಗೈ ಬೆವರುತ್ತದೆ. ಕಾಲು ತಾನಾಗಿಯೇ ಗೇಟಿನ ಕಡೆ ತಿರುಗುತ್ತದೆ. ಆಗ ಮಾಡುತ್ತಿದ್ದುದು ಇಷ್ಟೇ. ಒಂದು ಬಕೆಟ್ ತಣ್ಣೀರು ಸೇದಿ ಮುಖ, ಕತ್ತು, ತೋಳು ತೊಳೆಯುತ್ತಿದ್ದೆ. ಬೆಲ್ಲ ಸವರಿದ ಎರಡು ಅಕ್ಕಿ ರೊಟ್ಟಿ ತಿನ್ನುತ್ತಿದ್ದೆ. ಆಮೇಲೆ ಗೋಡೆ ಗಡಿಯಾರ ಕಾಣುವ ಹಾಗೆ ಜಗುಲಿಯಲ್ಲಿ ಕೂತು ಕಾಳುಮೆಣಸು ಬಿಡಿಸುತ್ತಿದ್ದೆ. ತೆನೆ ಹಿಡಿದು ಹೆಬ್ಬೆರಳಲ್ಲಿ ಎಳೆದರೆ ಕಾಳು ಮೊರದ ಮೇಲೆ ಪಟಪಟ ಬೀಳುತ್ತದೆ. ಮೊದಲ ಹತ್ತು ನಿಮಿಷ ನರಕ. ಹದಿನೈದಕ್ಕೆ ಇನ್ನೂ ಜಾಸ್ತಿ. ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕೆ ಹಿಡಿತ ಸಡಿಲ ಆಗುತ್ತಿತ್ತು. ಆಸೆ ಹೀಗೇ ಏರಿ, ತುದಿ ಮುಟ್ಟಿ, ತಾನಾಗಿ ಇಳಿಯುತ್ತದೆ ಅಂತ ಡಾಕ್ಟರ್ ಹೇಳಿದ್ದರು. ಕುಡಿಯದೆ ಹೋದರೆ ಏರುತ್ತಲೇ ಇರುತ್ತದೆ ಅಂತ ನಾನು ಅಷ್ಟು ವರ್ಷ ನಂಬಿದ್ದೆ. ಇಳಿಯುವುದನ್ನು ನೋಡುವಷ್ಟು ಹೊತ್ತು ಯಾವತ್ತೂ ಕಾದಿರಲಿಲ್ಲ.

ಸಾಲ, ಜಾಗ, ಮಗನ ಓದು ಇವೆಲ್ಲ ರಾತ್ರಿ ಹೊತ್ತು ಮೆರವಣಿಗೆ ಬರುತ್ತಿದ್ದವು. ಹಳೇ ಚೆಕ್‌ರೋಲ್ (ಆಳುಗಳ ಹಾಜರಿ) ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದೊಂದನ್ನೇ ಬರೆದೆ. ಪಕ್ಕದಲ್ಲಿ ಒಂದು ತಿಂಗಳ ಹೆಸರು. ‘ಅಣ್ಣನ ಜಾಗ: ಜೂನ್.’ ‘ಹೆಂಚು: ಮುಂದಿನ ಬೇಸಿಗೆ.’ ಬರೆದ ಮೇಲೆ ಅದು ಆ ತಿಂಗಳವರೆಗೆ ಪುಸ್ತಕದ್ದು, ನನ್ನದಲ್ಲ. ನಾಳೆ ಮಾಡಲೇಬೇಕಾದ್ದು ಒಂದೋ ಎರಡೋ ಉಳಿಯುತ್ತಿತ್ತು. ನಿಮ್ಮ ಪಟ್ಟಿಯಲ್ಲಿ ನನಗೆ ಕಾಣುವ ಪ್ರಕಾರ ನಾಳೆಗೆ ಉಳಿಯುವುದು ಅಮ್ಮನ ಮಾತ್ರೆ ಮತ್ತು ಒಂದು ಬಾಡಿಗೆ. ಮಗಳು ಹತ್ತಿರ ಬರುವುದಕ್ಕೆ ನೀವು ತಿಂಗಳ ಹೆಸರು ಬರೆಯುವಂತಿಲ್ಲ, ಅದನ್ನು ಅವಳಿಗೇ ಬಿಡಿ.

ಒಬ್ಬ ಓದುಗ, ಮೂಡಿಗೆರೆ ತಾಲ್ಲೂಕು

* * *

ಅಣ್ಣಾ, ನಾನು ನಿಮ್ಮ ಹೆಂಡತಿಯ ಜಾಗದಲ್ಲಿ ಇದ್ದವಳು. ಅದಕ್ಕೇ ಬರೆಯುತ್ತಿದ್ದೇನೆ.

‘ಬೇಕಾದಷ್ಟೇ ಮಾತಾಡುತ್ತಾಳೆ’ ಅಂದಿದ್ದೀರಲ್ಲ, ಆ ಸಾಲು ಓದಿ ನನಗೆ ನನ್ನದೇ ಅಡುಗೆಮನೆ ಕಣ್ಣ ಮುಂದೆ ಬಂತು. ನಿಮಗೆ ಇದು 47ನೇ ದಿನ. ಅವರಿಗೆ ಇದು ಎಷ್ಟನೇ ‘ಇನ್ನು ಮುಟ್ಟಲ್ಲ’ ಅಂತ ಯೋಚನೆ ಮಾಡಿ. ನನ್ನ ಯಜಮಾನರು ದೇವರ ಫೋಟೋ ಮುಟ್ಟಿ ಹೇಳಿದ್ದರು. ಮಗುವಿನ ತಲೆ ಮೇಲೆ ಕೈ ಇಟ್ಟು ಹೇಳಿದ್ದರು. ಪ್ರತಿ ಸಲ ನಾನು ನಂಬಿದೆ. ನಂಬಿ ನಂಬಿ ಸುಸ್ತಾದ ಮೇಲೆ ಬರುವ ಮೌನ ಅದು. ಸಿಟ್ಟು ಅಂದುಕೊಳ್ಳಬೇಡಿ.

ಬೈಕ್ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಎಷ್ಟು ಕುಡಿದಿದ್ದಾರೆ ಅಂತ ನನಗೆ ಗೊತ್ತಾಗುತ್ತಿತ್ತು. ಒಂದೇ ಸಲಕ್ಕೆ ನಿಂತರೆ ಪರವಾಗಿಲ್ಲ. ಎರಡು ಮೂರು ಸಲ ಒದ್ದರೆ ಮಕ್ಕಳನ್ನು ಒಳಗೆ ಮಲಗಿಸುತ್ತಿದ್ದೆ. ಅವರು ಬಿಟ್ಟು ನಾಲ್ಕು ತಿಂಗಳಾದರೂ ಆ ಸದ್ದಿಗೆ ನನ್ನ ಹೊಟ್ಟೆ ಹಿಂಡುತ್ತಿತ್ತು. ಬಟ್ಟೆ ನೆನೆಹಾಕುವಾಗ ಅವರ ಅಂಗಿ ಮೂಸಿ ನೋಡುತ್ತಿದ್ದೆ. ಒಂದು ಸಲ ಅವರು ಅದನ್ನು ನೋಡಿಬಿಟ್ಟರು. ‘ಇನ್ನೂ ನಂಬಿಕೆ ಇಲ್ವಾ?’ ಅಂತ ಕೇಳಿದರು. ಅವತ್ತು ಇಬ್ಬರೂ ಊಟ ಮಾಡಲಿಲ್ಲ. ಅಣ್ಣಾ, ಆ ಪ್ರಶ್ನೆ ಮಾತ್ರ ಕೇಳಬೇಡಿ. ಇಲ್ಲ ಅನ್ನಲು ನಮಗೆ ನೋವು, ಇದೆ ಅನ್ನಲು ಭಯ.

ನಮ್ಮ ಮನೆಯಲ್ಲಿ ಬದಲಾಗಿದ್ದು ಬಹಳ ಸಣ್ಣದರಿಂದ. ಏಳೂವರೆಗೆ ಬರುತ್ತೇನೆ ಅಂತ ಹೇಳಿ ಹೋಗಿದ್ದರು. ಏಳೂವರೆ ಆಯಿತು, ಏಳೂಮುಕ್ಕಾಲಾಯಿತು. ನಾನು ಆಗಲೇ ಮಕ್ಕಳಿಗೆ ಹಾಸಿಗೆ ಹಾಸಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಮೊಬೈಲ್ ಇಸ್ಕೊಂಡು ಮಾಡಿದ್ದರು. ‘ಬಸ್ ತಪ್ಪಿತು. ನನ್ನ ಫೋನಿನಲ್ಲಿ ಚಾರ್ಜ್ ಇಲ್ಲ. ಎಂಟೂಕಾಲಿಗೆ ಬರ್ತೀನಿ.’ ಎಂಟೂಕಾಲಿಗೆ ಬಂದರು. ಬಿಸಿ ಮುದ್ದೆ ಹಾಕಿದೆ. ಇಬ್ಬರೂ ಏನೂ ಮಾತಾಡಲಿಲ್ಲ. ಎಷ್ಟೋ ವರ್ಷದ ಮೇಲೆ ಅವತ್ತು ರಾತ್ರಿ ನಾನು ನಡುವೆ ಎಚ್ಚರ ಆಗದೆ ಮಲಗಿದೆ. ಹೇಳಿದ ಹೊತ್ತಿಗೆ ಬರುವುದು, ತಡವಾದರೆ ತಿಳಿಸುವುದು. ಇದನ್ನು ಮಾಡಿ. ಮಾಡಿದ್ದನ್ನು ಗಮನಿಸಿದರಾ ಅಂತ ಮುಖ ನೋಡಬೇಡಿ. ಗಮನಿಸಿರುತ್ತಾರೆ.

ಇನ್ನೊಂದು ಮಾತು. ಆಸ್ಪತ್ರೆಗೆ ಮಾತ್ರೆ ತರಲು ಹೋಗುವಾಗ ಒಂದು ಸಲ ನಿಮ್ಮ ಹೆಂಡತಿಯನ್ನೂ ಕರೆದುಕೊಂಡು ಹೋಗಿ. ನಮ್ಮವರ ಜೊತೆ ನಾನು ಹೋದಾಗ ಅಲ್ಲಿನ ಕೌನ್ಸೆಲರ್ ನಮ್ಮ ಯಜಮಾನರನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು. ಮೊದಲು ಕೇಳಿದ್ದು, ‘ಬೆಳಗ್ಗೆ ತಿಂಡಿ ತಿಂದ್ರಾ ಅಮ್ಮಾ?’ ತಿಂದಿರಲಿಲ್ಲ. ಹತ್ತು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ.

ಒಬ್ಬ ಓದುಗಿ, ಬೇಲೂರು ತಾಲ್ಲೂಕು

* * *

ಮಾನಸಿಕ ರೋಗ ವಿಭಾಗದಲ್ಲಿ ನರ್ಸ್ ಆಗಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಬದುಕೇ ಸಾಕು ಅನ್ನಿಸುತ್ತದೆ’ ಅನ್ನುವ ಮಾತು. ಮೊದಲು ಅದಕ್ಕೆ ಬರುತ್ತೇನೆ. ಈ ಯೋಚನೆಯನ್ನು ಇವತ್ತೇ ಒಬ್ಬರ ಹತ್ತಿರ ಬಾಯಿಬಿಟ್ಟು ಹೇಳಿ. ಮನೆಯವರಿಗೆ ಹೇಳಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರಿನಿಂದ ಇದೆ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಯೋಚನೆ ಬಲವಾದರೆ ಒಬ್ಬರೇ ಇರಬೇಡಿ, ಗಾಡಿ ಓಡಿಸಬೇಡಿ. ಯಾರನ್ನಾದರೂ ಜೊತೆಗೆ ಕರೆದುಕೊಂಡು ತುರ್ತು ವಿಭಾಗಕ್ಕೆ ಹೋಗಿ. ಹಾಸನದ ಹಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆಯಲ್ಲಿ ಮಾನಸಿಕ ರೋಗ ವಿಭಾಗ ಇದೆ, ಆಲೂರಿನಿಂದ ದೂರವೇನಲ್ಲ. ಇಷ್ಟು ಮಾಡುವುದಕ್ಕೆ ಮದುವೆ ಮುಗಿಯಲಿ ಅಂತ ಕಾಯಬೇಡಿ.

ಇನ್ನು ನಿದ್ದೆ, ಸಿಟ್ಟು, ದಿಗಿಲು. ಇದಕ್ಕೆ ಮೈಯಲ್ಲೇ ಕಾರಣ ಇದೆ. ಮದ್ಯ ಮೆದುಳನ್ನು ಒತ್ತಿ ಮಂಪರು ಮಾಡುತ್ತದೆ. ದಿನಾ ಒತ್ತಿದರೆ ಮೆದುಳು ಅದಕ್ಕೆ ಎದುರಾಗಿ ತಳ್ಳಲು ಕಲಿಯುತ್ತದೆ. ಕುಡಿತ ನಿಂತಾಗ ಒತ್ತುವ ಕೈ ಹೋಗುತ್ತದೆ, ತಳ್ಳುವ ಕೈ ಉಳಿಯುತ್ತದೆ. ಮೊದಲ ಎರಡು ಮೂರು ದಿನ ಕೈ ನಡುಕ, ಬೆವರು, ಕೆಲವರಿಗೆ ಫಿಟ್ಸ್, ಕೆಲವರಿಗೆ ಇಲ್ಲದ ಹುಳ ಹುಪ್ಪಟೆ ಕಾಣಿಸುವುದು ಅದಕ್ಕೇ. ಆ ಗಂಡಾಂತರವನ್ನು ನೀವು ಆಸ್ಪತ್ರೆಯಲ್ಲಿ ದಾಟಿದ್ದೀರಿ. ಆದರೆ ಒಳಗಿನ ಹದ ಪೂರ್ತಿ ಕೂಡಿಬರಲು ವಾರಗಳು ಸಾಲುವುದಿಲ್ಲ, ಕೆಲವರಿಗೆ ತಿಂಗಳುಗಳೇ ಬೇಕು. ತಟ್ಟೆ ಬಿದ್ದ ಸದ್ದಿಗೆ ಮೈ ಝುಂ ಅನ್ನುವುದು, ಸಣ್ಣ ಮಾತಿಗೆ ಕಣ್ಣೀರು ಬರುವುದು, ಹೇಳಿದ್ದು ಮರೆತುಹೋಗುವುದು ಇವೆಲ್ಲ ಈ ಸಮಯದ್ದು. ಸಾಲ ಮೊದಲೂ ಇಷ್ಟೇ ಇತ್ತು, ಅಲ್ವಾ? ಈಗ ಅದು ಬೆಟ್ಟದಷ್ಟು ಕಾಣುವುದರಲ್ಲಿ ಮೆದುಳಿನ ಈ ಸ್ಥಿತಿಯ ಪಾಲೂ ಇದೆ.

ನಿದ್ದೆಗಾಗಿ ಅಂಗಡಿಯಿಂದ ಮಾತ್ರೆ ತೆಗೆದುಕೊಳ್ಳಬೇಡಿ. ಕೆಲವು ನಿದ್ದೆ ಮಾತ್ರೆಗಳೇ ಇನ್ನೊಂದು ಚಟ ಆಗುತ್ತವೆ. ನೀವು ಡ್ರೈವರ್ ಬೇರೆ, ಬೆಳಗ್ಗೆ ಮಂಪರಿನಲ್ಲಿ ಸ್ಟೇರಿಂಗ್ ಹಿಡಿಯುವ ಹಾಗಾಗಬಾರದು. ಡಾಕ್ಟರಿಗೆ ಹೇಳಿ, ಅವರು ಚಟ ಹಿಡಿಯದ ಮದ್ದು ಕೊಡುತ್ತಾರೆ. ಸಂಜೆ ನಾಲ್ಕರ ಮೇಲೆ ಕಾಫಿ ಬಿಡಿ. ನಮ್ಮ ಕಡೆಯವರಿಗೆ ಈ ಮಾತು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ನಿದ್ದೆ ಬರಲಿ ಬಿಡಲಿ, ಬೆಳಗ್ಗೆ ಒಂದೇ ಹೊತ್ತಿಗೆ ಏಳಿ.

ಡಿಸ್ಚಾರ್ಜ್ ಚೀಟಿಯಲ್ಲಿ ಬಿ1 ವಿಟಮಿನ್ ಮಾತ್ರೆ, ಅಂದರೆ ಥಯಮಿನ್, ಬರೆದಿದ್ದರೆ ಅದು ಸುಮ್ನೆ ಶಕ್ತಿ ಮಾತ್ರೆ ಅಂತ ಬಿಡಬೇಡಿ. ಬಹಳ ವರ್ಷ ಕುಡಿದವರಲ್ಲಿ ಅದು ಬರಿದಾಗಿರುತ್ತದೆ, ನೆನಪಿನ ಶಕ್ತಿಗೇ ಪೆಟ್ಟು ಬೀಳುತ್ತದೆ. ಡೈಸಲ್ಫಿರಾಮ್ ಮಾತ್ರೆ ಕೊಟ್ಟಿದ್ದರೆ ಇನ್ನೂ ಎಚ್ಚರ ಬೇಕು. ಅದನ್ನು ತೆಗೆದುಕೊಳ್ಳುವವರು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಪ್ರಾಣಕ್ಕೇ ಬರಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಆ ಅಪಾಯ ಇರುತ್ತದೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಆಲ್ಕೋಹಾಲ್ ಇರುತ್ತದೆ. ದ್ರಾಕ್ಷಾರಿಷ್ಟ, ಅಶ್ವಗಂಧಾರಿಷ್ಟದಂತಹ ಅರಿಷ್ಟಗಳಲ್ಲೂ ಹುದುಗಿನಿಂದ ಬಂದದ್ದು ಇದ್ದೇ ಇರುತ್ತದೆ. ಕೇಳಿ ತೆಗೆದುಕೊಳ್ಳಿ.

ಇದನ್ನು ಓದುವ ಬೇರೆ ಮನೆಯವರಿಗೂ ಒಂದು ಮಾತು. ಕುಡಿಯುವವರಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸುವ ಪುಡಿ ಅಂತ ಮಾರುತ್ತಾರಲ್ಲ, ದಯವಿಟ್ಟು ಬೇಡ. ಅದರಲ್ಲಿ ಏನಿದೆ ಅಂತ ತಿಳಿಯದೆ ಅದರ ಮೇಲೆ ಕುಡಿದು, ಉಸಿರಾಡಲು ಆಗದೆ ಬಂದವರನ್ನು ನಾನು ನೋಡಿದ್ದೇನೆ.

ಅಕಸ್ಮಾತ್ ಜಾರಿದರೆ ಮುಚ್ಚಿಡಬೇಡಿ. ಮತ್ತೆ ದಿನಾ ಕುಡಿಯುವ ಹಾಗಾಗಿದ್ದರೆ ಮನೆಯಲ್ಲೇ ಒಮ್ಮೆಲೇ ನಿಲ್ಲಿಸುವ ಸಾಹಸವೂ ಬೇಡ. ಆಸ್ಪತ್ರೆಗೆ ಬನ್ನಿ. ಎರಡನೇ ಸಲ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುವುದಿಲ್ಲ.

ನಿವೃತ್ತ ನರ್ಸ್, ಹಾಸನ

* * *

ಸಾಲದ ವಿಷಯಕ್ಕೆ ಮಾತ್ರ ಬರೆಯುತ್ತೇನೆ. ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವನು, ಅದೊಂದು ನನಗೆ ಗೊತ್ತು.

ಒಂದು ಹಾಳೆ ತೆಗೆದುಕೊಳ್ಳಿ. ಯಾರಿಗೆ, ಎಷ್ಟು, ಯಾವ ತಾರೀಕು ಅಂತ ಬರೆಯಿರಿ. ತಲೆಯಲ್ಲಿರುವ ಸಾಲ ಯಾವಾಗಲೂ ಹಾಳೆಯಲ್ಲಿರುವ ಸಾಲಕ್ಕಿಂತ ದೊಡ್ಡದು. ಮೊದಲು ಗಾಡಿ ಕಂತು. ಅದು ಹೋದರೆ ಅನ್ನವೇ ಹೋಯಿತು. ಮೂರನೇ ಕಂತು ಬಾಕಿ ಬೀಳುವ ಮೊದಲೇ ಫೈನಾನ್ಸ್ ಆಫೀಸಿಗೆ ನೀವಾಗಿಯೇ ಹೋಗಿ. ಆಸ್ಪತ್ರೆಯಲ್ಲಿದ್ದೆ ಅಂತ ಚೀಟಿ ತೋರಿಸಿ, ಕಂತು ಸಣ್ಣದು ಮಾಡಿ ಅವಧಿ ಮುಂದಕ್ಕೆ ಹಾಕಿ ಅಂತ ಅರ್ಜಿ ಬರೆದುಕೊಡಿ. ಬಾಯಿಮಾತು ಸಾಲದು, ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಎರಡನೆಯದು ಸಂಘದ ಸಾಲ. ನಿಮ್ಮ ಹೆಂಡತಿ ಕಟ್ಟದಿದ್ದರೆ ಗುಂಪಿನ ಉಳಿದ ಹೆಣ್ಣುಮಕ್ಕಳು ಉತ್ತರ ಹೇಳಬೇಕಾಗುತ್ತದೆ. ವಾರವಾರ ಅವರ ಮುಖ ನೋಡುವವರು ಆಕೆ, ನೀವಲ್ಲ. ಕೈಸಾಲದವರು ಆಮೇಲೆ. ಅವರಿಗೆ ತಿಂಗಳಿಗೆ ಐನೂರು ಕೊಟ್ಟರೂ ಮರ್ಯಾದೆ ಉಳಿಯುತ್ತದೆ.

ಹಳೇ ಸಾಲ ತೀರಿಸಲು ಹೊಸ ಸಾಲ ಎತ್ತಬೇಡಿ. ಮೈಕ್ರೋ ಫೈನಾನ್ಸಿನವರು ಮನೆ ಮುಂದೆ ಬಂದು ಬೆದರಿಸಿದರೆ ಹೆದರಬೇಕಾಗಿಲ್ಲ. ಸಣ್ಣ ಸಾಲಗಾರರಿಗೆ ಕಿರುಕುಳ ಕೊಡುವುದನ್ನು ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನೇ ಬಂದಿದೆ. ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಬಾಡಿಗೆ ದುಡ್ಡು ಸದ್ಯಕ್ಕೆ ನೇರ ಹೆಂಡತಿ ಖಾತೆಗೆ ಬೀಳಲಿ. ಸಂಜೆ ಹೊತ್ತು ಜೇಬಿನಲ್ಲಿ ನೋಟು ಇಲ್ಲದಿದ್ದರೆ ಅರ್ಧ ಜಗಳ ಕಡಿಮೆ, ಇದನ್ನು ನನ್ನ ಸ್ವಂತ ಅಣ್ಣನ ವಿಷಯದಲ್ಲಿ ಕಂಡಿದ್ದೇನೆ.

ಹಿರಿಯ ಓದುಗ, ಚನ್ನರಾಯಪಟ್ಟಣ

* * *

ಅಂಕಲ್, ನಾನು ಸೆಕೆಂಡ್ ಪಿಯುಸಿ. ನಮ್ಮಪ್ಪನೂ ಬಿಟ್ಟಿದ್ದಾರೆ, ಒಂದೂವರೆ ವರ್ಷ ಆಯ್ತು. ಶುರುವಿನಲ್ಲಿ ನಾನೂ ಹತ್ತಿರ ಹೋಗುತ್ತಿರಲಿಲ್ಲ. ಅವರು ಸುಮ್ಮನಿದ್ದಾಗಲೇ ನನಗೆ ಜಾಸ್ತಿ ಭಯ ಆಗ್ತಿತ್ತು, ಯಾಕಂದರೆ ಮೊದಲೆಲ್ಲ ಗಲಾಟೆಗೆ ಮುಂಚೆ ಹಾಗೇ ಸುಮ್ಮನಿರುತ್ತಿದ್ದರು. ಒಂದು ದಿನ ನನ್ನ ಜಾಮಿಟ್ರಿ ಬಾಕ್ಸಿನ ಮುಚ್ಚಳ ಕೂರುತ್ತಿರಲಿಲ್ಲ. ಅಪ್ಪ ನನ್ನನ್ನು ಏನೂ ಕೇಳದೆ ಇಕ್ಕಳ ತಂದು ಬಗ್ಗಿಸಿ ಸರಿ ಮಾಡಿ ಬ್ಯಾಗಿನ ಮೇಲೆ ಇಟ್ಟಿದ್ದರು. ಅದನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ನಿಮ್ಮ ಮಗಳಿಗೆ ಚಾಕೊಲೇಟ್ ತರಬೇಡಿ ಅಂಕಲ್. ಕುಡಿದು ಬಂದಾಗ ಅಪ್ಪಂದಿರು ಚಾಕೊಲೇಟ್ ತರುತ್ತಾರೆ.

ಕಡೂರಿನ ವಿದ್ಯಾರ್ಥಿನಿ

* * *

ಮಗಾ, ನನಗೆ ಎಪ್ಪತ್ತು ದಾಟಿದೆ. ಬೀಗರೂಟಕ್ಕೆ ಹೋಗಬೇಡ. ಯಾರು ಏನು ಬೇಕಾದರೂ ಅಂದುಕೊಳ್ಳಲಿ. ಧಾರೆ ಮುಗಿಸಿ, ತಮ್ಮನಿಗೆ ಅಕ್ಷತೆ ಹಾಕಿ ಮನೆಗೆ ಬಾ. ನನ್ನ ದೊಡ್ಡ ಮಗ ಹೀಗೇ ಬಿಟ್ಟಿದ್ದ. ಅಕ್ಕನ ಮಗಳ ಬೀಗರೂಟದಲ್ಲಿ ‘ಒಂದೇ ಒಂದು ತಗೋ, ಖುಷಿಗೆ’ ಅಂದರು. ಅಂದವರ್ಯಾರೂ ಆಮೇಲೆ ಆಸ್ಪತ್ರೆಗೆ ಬರಲಿಲ್ಲ. ನಾನೊಬ್ಬಳೇ ಕೂತಿದ್ದೆ. ಊಟ ಎಲ್ಲೂ ಸಿಗುತ್ತದೆ ಮಗಾ.

ಒಬ್ಬ ತಾಯಿ, ಸಕಲೇಶಪುರ

* * *

ನನ್ನ ಪತ್ರಕ್ಕಿಂತ ಮೊದಲು ಯಾರಾದರೂ ಬೀಗರೂಟಕ್ಕೆ ಹೋಗಬೇಡಿ ಅಂತ ಬರೆದೇ ಬರೆದಿರುತ್ತಾರೆ. ಅವರ ಮಾತು ತಪ್ಪಲ್ಲ. ಹೋಗದೆ ಇರಲು ಸಾಧ್ಯವಾದರೆ ಅದೇ ಒಳ್ಳೆಯದು. ಆದರೆ ಸ್ವಂತ ತಮ್ಮನ ಮದುವೆ. ಅಪ್ಪ ಇಲ್ಲದ ಮನೆಯಾಗಿದ್ದರೆ ಹಿರಿಯ ಮಗನೇ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಹೋಗಲೇಬೇಕಾದರೆ ಹೇಗೆ ಅಂತ ನಾನು ಮಾಡಿದ್ದನ್ನು ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಪಿಕಪ್ ಅಂತ ಓದಿದ ಕೂಡಲೇ ನನಗೆ ಹೊಳೆದಿದ್ದು ಒಂದೇ. ಎಣ್ಣೆ ಕೇಸು ತರುವ ಕೆಲಸವನ್ನು ನಿಮ್ಮ ಗಾಡಿಗೇ ಹಚ್ಚುತ್ತಾರೆ. ‘ಮನೆಯದೇ ಗಾಡಿ ಇದೆಯಲ್ಲ’ ಅಂತಾರೆ. ಇವತ್ತೇ ತಮ್ಮನನ್ನು ಪಕ್ಕಕ್ಕೆ ಕರೆದು ಹೇಳಿ: ‘ಪಾತ್ರೆ, ಶಾಮಿಯಾನ, ಕುರ್ಚಿ ಏನು ಬೇಕಾದರೂ ಹೊಡೀತೀನಿ. ಅದೊಂದು ಬೇರೆ ಗಾಡಿಯಲ್ಲಿ ತರಿಸು.’ ನಾನು ಇದನ್ನು ಹೇಳಲು ನಾಚಿಕೆಪಟ್ಟು ಹೇಳಲಿಲ್ಲ. ಅರಸೀಕೆರೆಯಿಂದ ನಮ್ಮೂರಿಗೆ 14 ಕಿಲೋಮೀಟರ್, ಹಿಂದೆ ಬಾಟಲಿಗಳು ಒಂದಕ್ಕೊಂದು ತಾಗುವ ಸದ್ದು. ಆ 14 ಕಿಲೋಮೀಟರನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ಅವತ್ತು ಕುಡಿಯಲಿಲ್ಲ. ಆದರೆ ಇನ್ನೊಂದು ಸಲ ಅಂತಹ ದಾರಿ ಬೇಡ.

ಬಡಿಸುವ ಕೆಲಸ ಹಿಡಿಯಿರಿ. ಮುದ್ದೆ ಪುಟ್ಟಿ ಕೈಯಲ್ಲಿದ್ದವನಿಗೆ ಯಾರೂ ಗ್ಲಾಸ್ ಕೊಡುವುದಿಲ್ಲ, ಕೊಟ್ಟರೂ ಹಿಡಿಯಲು ಕೈ ಇರುವುದಿಲ್ಲ. ಮೊದಲ ಪಂಕ್ತಿಗೇ ನೀವು ಊಟ ಮಾಡಿಬಿಡಿ, ಹಸಿದು ಮಾತ್ರ ಇರಬೇಡಿ. ಯಾರಾದರೂ ಕೇಳಿದರೆ ‘ಮಾತ್ರೆ ತಗೋತಿದ್ದೀನಿ, ಕುಡಿದರೆ ಆಸ್ಪತ್ರೆ ಪಾಲು’ ಅನ್ನಿ. ಅದು ಸುಳ್ಳೂ ಅಲ್ಲ. ಕತ್ತಲಾಗುವ ಮೊದಲು ಅಮ್ಮನನ್ನು ಕೂರಿಸಿಕೊಂಡು ಹೊರಟುಬಿಡಿ. ಸಕ್ಕರೆ ಕಾಯಿಲೆಯವರಿಗೆ ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ ಆಗಬೇಕು ಅಂದರೆ ಯಾರೂ ತಡೆಯುವುದಿಲ್ಲ.

ನಾನು ನಿಂತಿರುವುದು ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನುವ ಕುಡಿತ ಬಿಟ್ಟವರ ಕೂಟದ ಮೀಟಿಂಗಿನ ಬಲದ ಮೇಲೆ. 1935ರಲ್ಲಿ ಅಮೆರಿಕದ ಆಕ್ರನ್ ಅನ್ನುವ ಊರಿನಲ್ಲಿ ಇಬ್ಬರು ಕುಡುಕರು ಮಾತಿಗೆ ಕೂತರು. ಒಬ್ಬ ಷೇರು ವ್ಯವಹಾರದವನು, ಇನ್ನೊಬ್ಬ ಸರ್ಜನ್. ಕುಡಿಯಬೇಕು ಅನ್ನಿಸಿದಾಗ ಇನ್ನೊಬ್ಬ ಕುಡುಕನ ಹತ್ತಿರ ಮಾತಾಡಿದರೆ ಆಸೆ ತಗ್ಗುತ್ತದೆ ಅಂತ ಕಂಡುಕೊಂಡರು. ಎಎ ಶುರುವಾದದ್ದು ಹಾಗೆ. ಫೀಸಿಲ್ಲ, ಜಾತಿ ಕೇಳುವುದಿಲ್ಲ, ಮನೆತನದ ಹೆಸರೂ ಬೇಡ. ಕಣ್ಣು ಕತ್ತಲೆ ಬಂದ ಹಾಗಾದಾಗ ನಾಲ್ಕು ಪ್ರಶ್ನೆ ಕೇಳಿಕೋ ಅಂತ ಅಲ್ಲಿ ಹೇಳಿಕೊಟ್ಟರು. ಹಸಿದಿದ್ದೀಯಾ? ಸಿಟ್ಟು ಬಂದಿದೆಯಾ? ಒಬ್ಬನೇ ಇದ್ದೀಯಾ? ಸುಸ್ತಾಗಿದೆಯಾ? ನನಗೆ ಹೆಚ್ಚಿನ ಸಲ ಮೊದಲನೆಯದೇ ಉತ್ತರ. ಲೋಡು ಇಳಿಸುವ ಗಡಿಬಿಡಿಯಲ್ಲಿ ಮಧ್ಯಾಹ್ನದ ಊಟ ಬಿಟ್ಟಿರುತ್ತೇನೆ, ಐದು ಗಂಟೆಗೆ ಲೋಕವೇ ಮುಳುಗಿದ ಹಾಗೆ ಕಾಣುತ್ತದೆ. ನೀವೂ ಬಾಡಿಗೆ ಹೊಡೆಯುವವರು, ಗಾಡಿಯಲ್ಲಿ ಒಂದು ಡಬ್ಬಿ ಕಡಲೆಕಾಯಿ ಬೆಲ್ಲ ಇಟ್ಟುಕೊಳ್ಳಿ.

ಎಎ ಹತ್ತಿರ ಸಿಗದಿದ್ದರೆ ಬೇರೆ ದಾರಿಯೂ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ನಮ್ಮ ಜಿಲ್ಲೆಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿಸಿದವರದ್ದೇ ನವಜೀವನ ಸಮಿತಿಗಳಿವೆ. ನಿಮ್ಮ ಹೋಬಳಿಯಲ್ಲಿ ವಿಚಾರಿಸಿ. ಯಾವುದಾದರೂ ಇರಲಿ, ಬಿಟ್ಟವರ ನಡುವೆ ವಾರಕ್ಕೊಮ್ಮೆಯಾದರೂ ಕೂರಿ. ಮನೆಯವರಿಗೆ ಎಷ್ಟೇ ಪ್ರೀತಿ ಇದ್ದರೂ ಸಂಜೆ ಆರು ಗಂಟೆಯ ಸಂಕಟ ಅವರಿಗೆ ಅರ್ಥವಾಗುವುದಿಲ್ಲ.

ನನ್ನ ನಂಬರನ್ನು ಪತ್ರಿಕೆಯ ಕಚೇರಿಗೆ ಕೊಟ್ಟಿದ್ದೇನೆ, ನೀವು ಕೇಳಿದರೆ ಕೊಡಲಿ. ಬೀಗರೂಟದ ತಾರೀಕು ತಿಳಿಸಿ. ಅವತ್ತು ನಾನು ಬಾಡಿಗೆ ಒಪ್ಪಿಕೊಳ್ಳುವುದಿಲ್ಲ, ಆಲೂರಿನಲ್ಲೇ ಇರುತ್ತೇನೆ. ಬಡಿಸಲು ಇನ್ನೊಂದು ಕೈ ಬೇಕಿದ್ದರೆ ಹೇಳಿ, ಬರುತ್ತೇನೆ.

ಒಬ್ಬ ಡ್ರೈವರ್, ಅರಸೀಕೆರೆ ತಾಲ್ಲೂಕು